ಕುರಿ-ಮೇಕೆಯ ಜಂತುಹುಳು: ಔಷಧಿಯೋ, ಜೈವಿಕ ದಾರಿಯೋ, ಎರಡೂ ಸೇರಿಯೋ?

ಮುಂಗಾರು ಹಿಡಿದು ತಿಂಗಳಾಗುವಷ್ಟರಲ್ಲಿ ಪಶು ಔಷಧಿ ಅಂಗಡಿಯ ಮುಂದೆ ಒಂದೇ ಮಾತು: "ಜಂತಿನ ಔಷಧಿ ಕುಡಿಸಿ ಇನ್ನೂ ಇಪ್ಪತ್ತು ದಿನ ಆಗಿಲ್ಲ, ಮತ್ತೆ ಗದ್ದದ ಕೆಳಗೆ ನೀರು ಇಳಿದಿದೆ. ಇದಕ್ಕಿಂತ ಒಳ್ಳೇ ಕಂಪನಿದು ಕೊಡಿ." ಅಂಗಡಿಯವನು ಬೇರೆ ಬಣ್ಣದ ಬಾಟಲಿ ಕೊಡುತ್ತಾನೆ. ಇನ್ನೊಂದು ಕಡೆ, ಔಷಧಿಯೆಲ್ಲ ವಿಷ, ಬೇವು-ಅರಿಶಿನ ಕೊಟ್ಟರೆ ಸಾಕು ಎನ್ನುವವರಿದ್ದಾರೆ. ಇಬ್ಬರೂ ಔಷಧಿ ಮತ್ತು ಜೈವಿಕ ವಿಧಾನಗಳನ್ನು ಒಂದೇ ಕೆಲಸಕ್ಕೆ ಸ್ಪರ್ಧಿಸುವ ಎರಡು ಸರಕು ಎಂದುಕೊಂಡಿದ್ದಾರೆ. ಅವೆರಡರ ಕೆಲಸವೇ ಬೇರೆ, ಕೆಲಸದ ಜಾಗವೂ ಬೇರೆ. ಔಷಧಿ ಕೊಲ್ಲುವುದು ಹೊಟ್ಟೆಯೊಳಗಿನ ಹುಳುವನ್ನು. ಜೈವಿಕ ವಿಧಾನಗಳಲ್ಲಿ ಹೆಚ್ಚಿನವು ಹಿಡಿಯುವುದು ಹಿಕ್ಕೆಯಲ್ಲಿ, ಹುಲ್ಲಿನಲ್ಲಿ ಇರುವ ಮರಿಹುಳುವನ್ನು. ಹಾಗಾಗಿ ನಿಮ್ಮ ಪ್ರಾಣಿ ಎಲ್ಲಿ, ಹೇಗೆ ಮೇಯುತ್ತದೆ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ.

ಮೊದಲು ಶತ್ರುವಿನ ಲೆಕ್ಕ

ನಮ್ಮ ಕಡೆ ಮಳೆಗಾಲದಲ್ಲಿ ಕುರಿ-ಮೇಕೆಗಳನ್ನು ಹೆಚ್ಚಾಗಿ ಕೊಲ್ಲುವ ಹುಳು ಹೀಮಾಂಕಸ್ ಕಂಟಾರ್ಟಸ್. ನಾಲ್ಕನೇ ಹೊಟ್ಟೆಯ ಗೋಡೆ ಕಚ್ಚಿ ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕಳೆಯುತ್ತದೆ. ಒಂದು ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿಲಿ. 25 ಕೆಜಿ ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಒಂದೂವರೆ ಲೀಟರ್ ಆಸುಪಾಸು. ಮುಂದಿನದನ್ನು ನೀವೇ ಲೆಕ್ಕ ಹಾಕಬಹುದು.

ಹೆಣ್ಣು ಹುಳು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆ ಇಡುತ್ತದೆ. ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದ ಮೊಟ್ಟೆ ಬೆಚ್ಚಗೆ, ತೇವವಾಗಿ ಇದ್ದರೆ ಒಂದು ವಾರದೊಳಗೆ ಸೋಂಕು ತರುವ ಮರಿಹುಳುವಾಗಿ, ಇಬ್ಬನಿಯ ಪಸೆ ಹಿಡಿದು ಹುಲ್ಲಿನ ಗರಿ ಹತ್ತುತ್ತದೆ. ಕುರಿ ಅದನ್ನು ತಿಂದು ಮೂರು ವಾರಕ್ಕೆ ಒಳಗೆ ಹೊಸ ಹುಳು ಮೊಟ್ಟೆ ಇಡಲು ತಯಾರು. "ಕುಡಿಸಿ ಇಪ್ಪತ್ತು ದಿನಕ್ಕೆ ಮತ್ತೆ ಬಂತು" ಎಂಬ ದೂರಿಗೆ ಹಾಗಾಗಿ ಎರಡು ಕಾರಣ ಇರಬಹುದು: ಔಷಧಿ ಹುಳುವನ್ನು ಕೊಲ್ಲಲಿಲ್ಲ, ಇಲ್ಲವೇ ಕೊಂದಿತು, ಆದರೆ ಅದೇ ಹುಲ್ಲಿನಿಂದ ಮತ್ತೆ ಹೊಸದು ಒಳಗೆ ಹೋಯಿತು. ಮೊದಲನೆಯದಕ್ಕೆ ಔಷಧಿಯ ಕುಲ ಬದಲಿಸಬೇಕು. ಎರಡನೆಯದಕ್ಕೆ ಯಾವ ಬಾಟಲಿಯೂ ಮದ್ದಲ್ಲ.

ಹಿಕ್ಕೆಯಲ್ಲಿ ಬಿಳಿ ಅಕ್ಕಿಕಾಳಿನಂಥ ತುಂಡು ಕಂಡು ಗಾಬರಿಯಾಗುವವರು ಬಹಳ. ಅದು ಲಾಡಿಹುಳು. ಅದರಿಂದ ಕುರಿ ಸಾಯುವುದು ಅಪರೂಪ. ಸಾಯಿಸುವ ಹೀಮಾಂಕಸ್ ಹಿಕ್ಕೆಯಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ.

ಔಷಧಿಗಳಲ್ಲಿ ಯಾವುದು?

ಅಂಗಡಿಯಲ್ಲಿ ನೂರು ಹೆಸರಿದ್ದರೂ ಉರುಟುಹುಳುವಿಗೆ (ಹೀಮಾಂಕಸ್ ಈ ಜಾತಿಯದೇ) ನಮಗೆ ಸುಲಭವಾಗಿ ಸಿಗುವುದು ನಾಲ್ಕು ಕುಲ. ಆಲ್ಬೆಂಡಜೋಲ್ ಮತ್ತು ಫೆನ್‌ಬೆಂಡಜೋಲ್ ಒಂದೇ ಕುಲದ ಅಣ್ಣತಮ್ಮಂದಿರು. ಒಂದಕ್ಕೆ ಬಗ್ಗದ ಹುಳು ಇನ್ನೊಂದಕ್ಕೂ ಬಗ್ಗುವುದಿಲ್ಲ. ಎರಡನೆಯದು ಲೆವಾಮಿಸೋಲ್, ಮೂರನೆಯದು ಐವರ್ಮೆಕ್ಟಿನ್, ನಾಲ್ಕನೆಯದು ಕ್ಲೋಸಾಂಟೆಲ್. ಬಾಟಲಿಯ ಮುಂದಿನ ದೊಡ್ಡ ಹೆಸರು ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಕಂಪನಿ ಬದಲಿಸಿದ್ದೀರೋ, ಔಷಧಿ ಬದಲಿಸಿದ್ದೀರೋ ಅಲ್ಲಿ ಗೊತ್ತಾಗುತ್ತದೆ.

ಆಲ್ಬೆಂಡಜೋಲ್ ಅಗ್ಗ, ಲಾಡಿಹುಳುವಿಗೂ ಆಗುತ್ತದೆ. ಆದರೆ ಅತಿ ಹೆಚ್ಚು ಬಳಕೆಯಾಗಿ, ಅತಿ ಹೆಚ್ಚು ಮೊಂಡಾದ, ಅಂದರೆ ಹುಳು ಬಗ್ಗದಂತಾದ, ಕುಲವೂ ಇದೇ. ಗಬ್ಬದ ಮೊದಲ ತಿಂಗಳಲ್ಲಿ ಕೊಡಬಾರದು, ಮರಿ ಅಂಗವಿಕಲವಾಗಬಹುದು. ಲೆವಾಮಿಸೋಲ್ ಚುರುಕು. ಅಳತೆ ಸ್ವಲ್ಪ ಮೀರಿದರೂ ಜೊಲ್ಲು, ನಡುಕ ಶುರು. ಕಣ್ಣಂದಾಜಿನಲ್ಲಿ ಸುರಿಯುವವರು ಇದರ ಹತ್ತಿರ ಹೋಗಬೇಡಿ. ಐವರ್ಮೆಕ್ಟಿನ್ 1981ರಲ್ಲಿ ಮಾರುಕಟ್ಟೆಗೆ ಬಂತು, ಅದನ್ನು ಕಂಡುಹಿಡಿದ ಕ್ಯಾಂಪ್‌ಬೆಲ್ ಮತ್ತು ಓಮುರಾ ಅವರಿಗೆ 2015ರಲ್ಲಿ ನೊಬೆಲ್ ಸಿಕ್ಕಿತು. ಹೊರಗಿನ ಕಜ್ಜಿ ಹುಳುವಿಗೂ ಆಗುವುದರಿಂದ ನಮ್ಮಲ್ಲಿ ಎಲ್ಲದಕ್ಕೂ ಅದೇ ಇಂಜೆಕ್ಷನ್ ಎನ್ನುವಂತಾಗಿದೆ. ಲಾಡಿಹುಳುವಿಗೂ ಲಿವರ್ ಫ್ಲೂಕ್‌ಗೂ (ಪಿತ್ತಜನಕಾಂಗದ ಚಪ್ಪಟೆ ಹುಳು) ಅದರಿಂದ ಏನೂ ಆಗದು. ಕ್ಲೋಸಾಂಟೆಲ್ ಹಿಡಿಯುವುದು ಮುಖ್ಯವಾಗಿ ರಕ್ತ ಹೀರುವ ಹುಳು ಮತ್ತು ಫ್ಲೂಕ್. ರಕ್ತದಲ್ಲಿ ವಾರಗಟ್ಟಲೆ ಉಳಿಯುವುದರಿಂದ ಹೀಮಾಂಕಸ್‌ಗೆ ಒಳ್ಳೆಯ ಆಯುಧ. ಅಳತೆ ಮೀರಿದರೆ ಕುರಿ ಕುರುಡಾಗುತ್ತದೆ, ಹೋದ ಕಣ್ಣು ತಿರುಗಿ ಬರುವುದಿಲ್ಲ.

ಔಷಧಿ ಸೋಲುವುದು ಹೆಚ್ಚಾಗಿ ಅಳತೆಯಲ್ಲಿ. ಆಲ್ಬೆಂಡಜೋಲ್ ಕುರಿಗೆ ಕೆಜಿಗೆ 7.5 ಮಿಲಿಗ್ರಾಂ. 2.5 ಪರ್ಸೆಂಟ್ ದ್ರಾವಣವಾದರೆ 25 ಕೆಜಿ ಕುರಿಗೆ ಏಳೂವರೆ ಮಿಲಿ. ಅದೇ ತೂಕದ ಮೇಕೆಗೆ 10 ಮಿಲಿ ಬೇಕು, ಏಕೆಂದರೆ ಮೇಕೆಯ ಮೈ ಔಷಧಿಯನ್ನು ಬೇಗ ಕರಗಿಸಿ ಹೊರಹಾಕುತ್ತದೆ. ಕುರಿಯ ಅಳತೆಯಲ್ಲೇ ಮೇಕೆಗೂ ಕುಡಿಸುತ್ತ ಬಂದ ಮಂದೆಗಳಲ್ಲಿ ಔಷಧಿ ಮೊದಲು ಮೊಂಡಾಗುತ್ತದೆ. 10 ಪರ್ಸೆಂಟ್ ದ್ರಾವಣವೂ ಅದೇ ಹೆಸರಿನಲ್ಲಿ ಸಿಗುತ್ತದೆ, ನೋಡಿ ತಗೊಳ್ಳಿ. ಮಂದೆಗೆ ಒಂದೇ ಅಳತೆ ಇಡುವುದಾದರೆ ಸರಾಸರಿ ತೂಕಕ್ಕೆ ಇಡಬೇಡಿ. ದೊಡ್ಡವು, ಸಣ್ಣವು ಎಂದು ಗುಂಪು ಮಾಡಿ, ಆಯಾ ಗುಂಪಿನ ಭಾರಿ ಪ್ರಾಣಿಯ ತೂಕ ಹಿಡಿಯಿರಿ. ನಳಿಗೆ ನಾಲಿಗೆಯ ಬುಡದವರೆಗೆ ಹೋಗಬೇಕು. ಹಾಲು, ಮಾಂಸ ಎಷ್ಟು ದಿನ ಬಿಡಬೇಕೆಂಬುದು ಲೇಬಲ್ಲಿನಲ್ಲೇ ಇರುತ್ತದೆ.

ನಿಮ್ಮ ಮಂದೆಯಲ್ಲಿ ಯಾವ ಕುಲ ಇನ್ನೂ ಜೀವಂತವಾಗಿದೆ ಎಂದು ತಿಳಿಯಲು ಒಂದೇ ದಾರಿ, ಹಿಕ್ಕೆ ಪರೀಕ್ಷೆ. ಹತ್ತು ಕುರಿಗಳಿಂದ, ನೆಲಕ್ಕೆ ಬೀಳುವ ಮೊದಲೇ, ಬೆರಳಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಹಿಕ್ಕೆ ತೆಗೆಯಿರಿ. ಔಷಧಿ ಕುಡಿಸಿ, ಹತ್ತರಿಂದ ಹದಿನಾಲ್ಕು ದಿನ ಬಿಟ್ಟು ಅದೇ ಕುರಿಗಳಿಂದ ಮತ್ತೆ ತೆಗೆಯಿರಿ. ಮೊಟ್ಟೆಯ ಲೆಕ್ಕದಲ್ಲಿ ಆದ ಇಳಿಕೆ ನೂರಕ್ಕೆ 95ಕ್ಕಿಂತ ಕಡಿಮೆ ಇದ್ದರೆ ಹುಳು ಆ ಕುಲದ ಔಷಧಿಗೆ ಮೊಂಡಾಗಿದೆ ಎಂದು ಅರ್ಥ. ಹಿಕ್ಕೆಯನ್ನು ತಣ್ಣಗಿಟ್ಟು ಅದೇ ದಿನ ಆಸ್ಪತ್ರೆಗೆ ಮುಟ್ಟಿಸಿ. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಸುತ್ತುತ್ತಲೇ ಇದ್ದರೆ ಮೊಟ್ಟೆ ಒಡೆದು ಮರಿಯಾಗಿ ಲೆಕ್ಕವೇ ತಪ್ಪುತ್ತದೆ.

ಜೈವಿಕ ಎಂದರೆ ಏನೇನು?

ಈ ಹೆಸರಿನಡಿ ಗಟ್ಟಿಯಾದದ್ದೂ ಇದೆ, ಪೊಳ್ಳೂ ಇದೆ.

ಗಟ್ಟಿಯಾದದ್ದು ಒಂದು ಶಿಲೀಂಧ್ರ. ಹೆಸರು ಡಡ್ಡಿಂಗ್ಟೋನಿಯಾ ಫ್ಲಾಗ್ರಾನ್ಸ್. ಇದರ ಬೀಜಕಣಗಳ ಕವಚ ದಪ್ಪ. ಕುರಿ ಮೇವಿನ ಜೊತೆ ತಿಂದರೆ ನಾಲ್ಕು ಹೊಟ್ಟೆ, ಉದ್ದ ಕರುಳು ಎಲ್ಲ ದಾಟಿ ಸಾಯದೆ ಹಿಕ್ಕೆಯಲ್ಲಿ ಹೊರಬರುತ್ತದೆ. ಹಿಕ್ಕೆಯಲ್ಲಿ ಮೊಳೆತು, ಹುಳುವಿನ ಮೊಟ್ಟೆ ಒಡೆಯುವ ಹೊತ್ತಿಗೆ ಸುತ್ತಲೂ ಅಂಟು ಬಲೆ ಹೆಣೆಯುತ್ತದೆ. ಹೊರಳಾಡುವ ಮರಿಹುಳು ಬಲೆಗೆ ತಾಗಿ ಅಂಟಿಕೊಳ್ಳುತ್ತದೆ, ಶಿಲೀಂಧ್ರದ ಎಳೆ ಅದರ ಚರ್ಮ ತೂತು ಮಾಡಿ ಒಳಹೊಕ್ಕು ತಿನ್ನುತ್ತದೆ. 1990ರ ದಶಕದಲ್ಲಿ ಡೆನ್ಮಾರ್ಕಿನವರು ಇದರ ಮೇಲೆ ಬಹಳ ಕೆಲಸ ಮಾಡಿದರು. ಆಸ್ಟ್ರೇಲಿಯಾದಲ್ಲಿ 2018ರಲ್ಲಿ ಬಯೋವರ್ಮಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು.

ಇದರ ಬಲ ಹುಲ್ಲುಗಾವಲಿನಲ್ಲಿ ಕಾಣುತ್ತದೆ. ಹಲವು ಪ್ರಯೋಗಗಳಲ್ಲಿ ಮರಿಹುಳು ಅರ್ಧಕ್ಕಿಂತ ಹೆಚ್ಚು, ಕೆಲವೆಡೆ ನೂರಕ್ಕೆ 80ರಷ್ಟು ಇಳಿದಿವೆ. ಮೊಂಡಾದ ಹುಳುವಿನ ಮರಿ, ಮೊಂಡಾಗದ ಹುಳುವಿನ ಮರಿ ಎಂಬ ಭೇದವೂ ಇದಕ್ಕಿಲ್ಲ. ಮಿತಿ ಕೂಡ ಅಷ್ಟೇ ಸ್ಪಷ್ಟ: ಹೊಟ್ಟೆಯೊಳಗಿನ ಒಂದು ಹುಳುವನ್ನೂ ಮುಟ್ಟುವುದಿಲ್ಲ. ಗದ್ದ ಊದಿದ ಕುರಿಗೆ ಇದನ್ನು ಕೊಡುತ್ತ ಕೂತರೆ ಮೂರನೇ ದಿನ ಗುಂಡಿ ತೋಡಬೇಕಾದೀತು. ದಿನವೂ ಕೊಡಬೇಕು, ಎರಡು ದಿನ ಬಿಟ್ಟರೆ ಆ ಎರಡು ದಿನದ ಹಿಕ್ಕೆಯಲ್ಲಿ ಕಾವಲಿಲ್ಲ. ಬಯೋವರ್ಮಾದ ಲೆಕ್ಕದಲ್ಲಿ ಕೆಜಿ ತೂಕಕ್ಕೆ ದಿನಕ್ಕೆ 30,000 ಬೀಜಕಣ, ಅಂದರೆ 30 ಕೆಜಿ ಕುರಿಗೆ 9 ಲಕ್ಷ. ಮೇವಿಗೆ ಬೆರೆಸಿದ್ದನ್ನು ಅದೇ ದಿನ ತಿನ್ನಿಸಬೇಕು, ಒದ್ದೆ ಮೇವಿನಲ್ಲಿ ಬಿಟ್ಟರೆ ಅಲ್ಲೇ ಮೊಳೆತು ಹಾಳು.

ತಾಲ್ಲೂಕಿನ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಸರಕು ಇದಲ್ಲ. ಯಾರಾದರೂ "ಜೈವಿಕ ಜಂತುನಾಶಕ ಪುಡಿ" ಎಂದು ಮನೆ ಬಾಗಿಲಿಗೆ ತಂದರೆ ಯಾವ ಜೀವಿ, ಗ್ರಾಂಗೆ ಎಷ್ಟು ಬೀಜಕಣ, ಯಾವ ತಾರೀಖಿನವರೆಗೆ ಜೀವಂತ ಎಂದು ಮೂರು ಪ್ರಶ್ನೆ ಕೇಳಿ. ಮೂರಕ್ಕೂ ಲೇಬಲ್ಲಿನಲ್ಲಿ ಉತ್ತರ ಇಲ್ಲದಿದ್ದರೆ ಚಹಾ ಕೊಟ್ಟು ಕಳಿಸಿ.

ಎರಡನೆಯದು ಒಗರಿನ ಸೊಪ್ಪು, ಅಂದರೆ ಟ್ಯಾನಿನ್ ಇರುವ ಎಲೆ. ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ಬಸರಿ ಮತ್ತು ಸೀಬೆ ಎಲೆಯ ಪುಡಿಯನ್ನು ಮೇವಿನಲ್ಲಿ ಬೆರೆಸಿ, ಹೀಮಾಂಕಸ್ ಇರುವ ಕುರಿಮರಿಗಳಿಗೆ ಕೊಟ್ಟು ನೋಡಿದ್ದಾರೆ. ಮೊಟ್ಟೆಯ ಲೆಕ್ಕ ಇಳಿದಿದೆ. ಇದು ಹುಳುವನ್ನು ಸ್ವಲ್ಪ ಮಟ್ಟಿಗೆ ಹತ್ತಿಕ್ಕುತ್ತದೆ, ಜೊತೆಗೆ ಮೇವಿನ ಪ್ರೋಟೀನು ಕುರಿಗೆ ದಕ್ಕುವಂತೆ ಮಾಡುತ್ತದೆ. ಅತಿಯಾದರೆ ಕುರಿ ಮೇವನ್ನೇ ಮೂಸುವುದಿಲ್ಲ. ಬೇಲಿಯಲ್ಲಿ ಜಾಲಿ, ನೇರಳೆ, ಸೀಬೆ ಇದ್ದವರಿಗೆ ಖರ್ಚಿಲ್ಲದ ದಾರಿ, ಮಾಡಿ. ಬೇವಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ: ಗಾಜಿನ ಬಟ್ಟಲಿನಲ್ಲಿ ಮರಿಹುಳು ಕೊಂದ ಕಷಾಯವೆಲ್ಲ ಇಪ್ಪತ್ತು ಲೀಟರ್ ಹೊಟ್ಟೆಯಲ್ಲಿ ಕೆಲಸ ಮಾಡುವುದಿಲ್ಲ.

ಮೂರನೆಯದು ಸಗಣಿ ಹುಳು, ಸಗಣಿಯನ್ನು ಉಂಡೆ ಕಟ್ಟಿ ಉರುಳಿಸುವ, ನೆಲದೊಳಗೆ ಹೂಳುವ ಜೀರುಂಡೆ. ದನದ ಸಗಣಿಯಲ್ಲಿ ಇವುಗಳ ಕೆಲಸ ದೊಡ್ಡದು. ಕುರಿ ಹಿಕ್ಕೆ ಹೇಗೂ ಬೇಗ ಒಣಗುವುದರಿಂದ ಅಲ್ಲಿ ಅಷ್ಟು ಲಾಭವಿಲ್ಲ, ಎಡೆಬಿಡದ ಮಳೆಯಲ್ಲಂತೂ ಇನ್ನೂ ಕಡಿಮೆ.

ಮೇವಿನ ಸರದಿಯನ್ನೂ ಇಲ್ಲೇ ಸೇರಿಸುತ್ತೇನೆ, ಏಕೆಂದರೆ ಅಲ್ಲಿ ಕೊಲ್ಲುವುದು ಬಿಸಿಲು ಮತ್ತು ಕಾಲ. 1990ರ ದಶಕದಲ್ಲಿ ಫಿಜಿ, ಟೋಂಗಾ ದ್ವೀಪಗಳಲ್ಲಿ ಜಮೀನನ್ನು ಹತ್ತು ಭಾಗ ಮಾಡಿ, ಒಂದೊಂದರಲ್ಲಿ ಮೂರೂವರೆ ದಿನ ಮಾತ್ರ ಮೇಯಿಸಿದರು. ಮೊಟ್ಟೆ ಮರಿಯಾಗಿ ಹುಲ್ಲು ಹತ್ತುವ ಮೊದಲೇ ಮಂದೆ ಮುಂದಕ್ಕೆ ಹೋಗಿರುತ್ತದೆ, ತಿರುಗಿ ಬರುವುದು 35 ದಿನಕ್ಕೆ. ಬಿಸಿಯ ತೇವದ ಹವೆಯಲ್ಲಿ ಮರಿಹುಳು ತನ್ನ ಕೊಬ್ಬು ತಾನೇ ಸುಟ್ಟುಕೊಂಡು ಅಷ್ಟರಲ್ಲಿ ಬಹುಪಾಲು ಸತ್ತಿರುತ್ತದೆ. ನಮ್ಮ ಹಿರಿಯ ಕುರಿಗಾರರು ಇಬ್ಬನಿ ಆರುವ ತನಕ ರೊಪ್ಪದ ಬಾಗಿಲು ತೆಗೆಯದಿರುವುದೂ ಇದೇ ತಿಳಿವಳಿಕೆ.

ಕೂಡಿಸುವಾಗ ಯಾವುದಕ್ಕೆ ಯಾವುದು ಆಗಿಬರುವುದಿಲ್ಲ?

ಶೇಂಗಾ ಬೀಜಕ್ಕೆ ರೋಗ ಬರದಂತೆ ಹಚ್ಚುವ ಕಾರ್ಬೆಂಡಜಿಮ್ ನಿಮಗೆ ಗೊತ್ತು. ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಅದೇ ಮನೆತನದವು. ಈ ಮನೆತನದ ಹಿರಿಯ ಥಯಾಬೆಂಡಜೋಲ್ ಜಂತುನಾಶಕವೂ ಹೌದು, ಶಿಲೀಂಧ್ರನಾಶಕವೂ ಹೌದು. ಹಾಗಾಗಿ ಬೆಳಿಗ್ಗೆ ಆಲ್ಬೆಂಡಜೋಲ್ ಕುಡಿಸಿ ಸಂಜೆ ಶಿಲೀಂಧ್ರದ ಮೇವು ಇಟ್ಟರೆ ಹಿಕ್ಕೆಗೆ ಇಳಿದ ಔಷಧಿ ಮೊಳಕೆಯನ್ನೇ ಚಿವುಟುತ್ತದೆ. ಒಂದು ವಾರ ಬಿಟ್ಟು ಶುರು ಮಾಡಿ. ನಷ್ಟವೇನಿಲ್ಲ, ಔಷಧಿ ಕೆಲಸ ಮಾಡಿದ್ದರೆ ಆ ವಾರ ಹಿಕ್ಕೆಯಲ್ಲಿ ಮೊಟ್ಟೆಯೂ ಕಡಿಮೆ. ಶಿಲೀಂಧ್ರ ನಡೆಯುತ್ತಿರುವಾಗಲೇ ಒಂದೆರಡು ಕುರಿಗೆ ತುರ್ತಾಗಿ ಔಷಧಿ ಬೇಕಾದರೆ ಡಾಕ್ಟರ ಹತ್ತಿರ ಬೇರೆ ಕುಲದ್ದನ್ನು ಕೇಳಿ.

ಐವರ್ಮೆಕ್ಟಿನ್‌ನ ತೊಂದರೆ ಬೇರೆ ಕಡೆ. ಅದು ಹೆಚ್ಚಾಗಿ ಸಗಣಿಯಲ್ಲೇ ಹೊರಹೋಗುತ್ತದೆ. ಆ ಸಗಣಿಯಲ್ಲಿ ಜೀರುಂಡೆಯ ಮರಿಗಳು ಉಳಿಯುವುದಿಲ್ಲ. ಮೊದಲ ಮಳೆಗೆ ಸಗಣಿ ಹುಳು ಏಳುವ ಹೊತ್ತಿನಲ್ಲೇ ಇಡೀ ಕೊಟ್ಟಿಗೆಯ ದನಕ್ಕೆ ಐವರ್ಮೆಕ್ಟಿನ್ ಚುಚ್ಚಿಸುವುದು ಬೇಡ. ಆ ಸಮಯಕ್ಕೆ ಬೇರೆ ಕುಲ ಇಟ್ಟುಕೊಂಡು ಇದನ್ನು ಕಜ್ಜಿ, ಉಣ್ಣೆ ಕಾಟ ಇರುವ ಸಮಯಕ್ಕೆ ಉಳಿಸಿ.

ಮೂರನೆಯ ಜಗಳ ಹೆಚ್ಚು ಸೂಕ್ಷ್ಮ. ಇಡೀ ಮಂದೆಗೆ ಔಷಧಿ ಕುಡಿಸಿ, ಹುಳುವೇ ಇಲ್ಲದ ಹೊಸ ಹುಲ್ಲಿಗೆ ಬಿಟ್ಟರೆ ಒಳ್ಳೆಯದೆಂದು ತೋರುತ್ತದೆ. ಆದರೆ ಆಗ ಒಳಗೆ ಬದುಕಿ ಉಳಿದದ್ದು ಮೊಂಡು ಹುಳು ಮಾತ್ರ, ಹೊಸ ಹುಲ್ಲಿಗೆ ಬೀಳುವ ಬೀಜವೂ ಅವುಗಳದ್ದೇ. ಎರಡು ವರ್ಷದಲ್ಲಿ ಹೊಲವೆಲ್ಲ ಔಷಧಿಗೆ ಬಗ್ಗದ ಹುಳು. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಹೊರಗೆ ಮರಿಹುಳು ಉಳಿಯದೆ ಹುಳುವಿನ ಸಂತಾನವೆಲ್ಲ ಕುರಿಯ ಹೊಟ್ಟೆಯಲ್ಲೇ ಇರುತ್ತದೆ. ಆಗ ಒಂದನ್ನೂ ಬಿಡದೆ ಕುಡಿಸುವುದೂ ಇದೇ ತಪ್ಪು. ಮೈ ತುಂಬಿದ, ಕಣ್ಣು ಕೆಂಪಿರುವ ಕೆಲವನ್ನು ಕುಡಿಸದೆ ಬಿಡಬೇಕು. ಮಂದೆಯ ನಾಲ್ಕನೇ ಒಂದು ಭಾಗದಷ್ಟು ಕುರಿಗಳಲ್ಲೇ ಹುಳುವಿನ ಬಹುಪಾಲು ತುಂಬಿರುತ್ತದೆ, ಉಳಿದವು ಅಷ್ಟಿಷ್ಟು ಹೊತ್ತುಕೊಂಡು ಆರಾಮಾಗಿರುತ್ತವೆ.

ಯಾವುದಕ್ಕೆ ಕುಡಿಸಬೇಕು ಎಂದು ಆರಿಸಲು ದಕ್ಷಿಣ ಆಫ್ರಿಕಾದವರು ಮಾಡಿದ ಫಮಾಚಾ ಎಂಬ ಬಣ್ಣದ ಕಾರ್ಡು ಇದೆ. ನೆರಳಿನಲ್ಲಿ ನೋಡಬೇಡಿ, ಬಯಲ ಬೆಳಕಿಗೆ ತನ್ನಿ. ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆ ಮುಚ್ಚಿ ಗುಡ್ಡೆಯನ್ನು ಮೆಲ್ಲಗೆ ಒಳಕ್ಕೆ ಒತ್ತಿ, ಇನ್ನೊಂದರಿಂದ ಕೆಳರೆಪ್ಪೆ ಎಳೆಯಿರಿ. ಒಳಗಿನ ಪೊರೆ ಹೊರಗೆ ಉಬ್ಬುತ್ತದೆ. ಅದರ ಬಣ್ಣವನ್ನು ಕಾರ್ಡಿಗೆ ತಾಳೆ ನೋಡಿ. ಒಂದು, ಎರಡು ಕೆಂಪು, ಬಿಡಿ. ನಾಲ್ಕು, ಐದು ಬಿಳಿಚು, ತಡಮಾಡದೆ ಕುಡಿಸಿ. ಮೂರು ಬಂದರೆ ಮರಿ ಮತ್ತು ಗಬ್ಬದ ಕುರಿಗೆ ಕುಡಿಸಿ, ಗಟ್ಟಿಮುಟ್ಟಾದ ಟಗರನ್ನು ಹದಿನೈದು ದಿನ ಬಿಟ್ಟು ಮತ್ತೆ ನೋಡಿ. ಈ ಕಾರ್ಡು ಹೇಳುವುದು ರಕ್ತ ಕಡಿಮೆಯಾದದ್ದನ್ನು ಮಾತ್ರ. ಭೇದಿ ತರುವ ಬೇರೆ ಹುಳುಗಳಿಗೆ ಇದು ಕುರುಡು.

ಸಂತೆಯಿಂದ ಹೊಸದಾಗಿ ತಂದ ಕುರಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅದು ಯಾರ ಮಂದೆಯ ಮೊಂಡು ಹುಳು ಹೊತ್ತು ತಂದಿದೆಯೋ! ಬೇರೆ ಬೇರೆ ಕುಲದ ಎರಡು ಔಷಧಿಯನ್ನು ಒಂದೇ ದಿನ, ಎರಡಕ್ಕೂ ಪೂರ್ತಿ ಅಳತೆಯಲ್ಲಿ, ಡಾಕ್ಟರನ್ನು ಕೇಳಿ ಕುಡಿಸಿ, ಮೂರು ದಿನ ಕಟ್ಟಿ ಹಾಕಿ. ಆಮೇಲೆ ನಿಮ್ಮ ಮಂದೆ ಮೇಯ್ದ ಹಳೆಯ ಹುಲ್ಲಿಗೇ ಬಿಡಿ.

ನಿಮ್ಮ ಮಂದೆಗೆ ಯಾವುದು?

ಬೇಲಿ ಹಾಕಿದ ಸ್ವಂತ ಜಮೀನಿನಲ್ಲಿ ಬನ್ನೂರು, ಹಾಸನ ಕುರಿ ಮೇಯಿಸುವವರಿಗೆ ಎರಡನ್ನೂ ಕೂಡಿಸುವುದು ನಿಜಕ್ಕೂ ಲಾಭ. ಈಯುವ ಎರಡು ವಾರ ಮೊದಲಿನಿಂದ ಈದ ಎಂಟು ವಾರದವರೆಗೆ ತಾಯಿಕುರಿಯ ಮೈಯ ತಡೆ ಕುಸಿದು ಮೊಟ್ಟೆ ಧಾರಾಳ ಬೀಳುತ್ತದೆ, ಮರಿಗಳು ಹುಲ್ಲಿಗೆ ಬಾಯಿ ಹಾಕುವುದೂ ಆಗಲೇ. ಈ ಹತ್ತು ವಾರ ಹೇಗೂ ಕೈತಿಂಡಿ ಕೊಡುತ್ತೀರಿ. ಒಳ್ಳೆಯ ಶಿಲೀಂಧ್ರದ ಸರಕು ಕೈಗೆ ಸಿಕ್ಕರೆ ದುಡ್ಡು ಸುರಿಯಬೇಕಾದ ಕಾಲ ಇದು; ವರ್ಷವಿಡೀ ಬೇಡ. ಸಿಗದಿದ್ದರೆ ಜಮೀನನ್ನು ಭಾಗ ಮಾಡಿ ಸರದಿ ನಡೆಸಿ, ಕುರಿ ಮೇಯ್ದ ಭಾಗಕ್ಕೆ ಮುಂದೆ ದನ ಬಿಡಿ. ಕುರಿಯ ಹೀಮಾಂಕಸ್ ಬಹುಪಾಲು ದನದ ಹೊಟ್ಟೆಯಲ್ಲಿ ನೆಲೆ ನಿಲ್ಲುವುದಿಲ್ಲ. ಔಷಧಿಯನ್ನು ಕಣ್ಣು ನೋಡಿ ಕುಡಿಸಿ.

ಡೆಕ್ಕನಿ ಹಿಂಡು ಕಟ್ಟಿಕೊಂಡು ಊರೂರು ತಿರುಗುವ ಕುರಿಗಾರರಿಗೆ ದಿನಕ್ಕಿಷ್ಟು ಪುಡಿ ತಿನ್ನಿಸುವ ಮಾತು ನಗೆಪಾಟಲು. ಮುನ್ನೂರು ಕುರಿಗೆ ಯಾವ ದೋಣಿಯಲ್ಲಿ ಇಡುವುದು? ಅವರ ತಿರುಗಾಟವೇ ಅವರ ಜೈವಿಕ ವಿಧಾನ; ಒಂದು ಹೊಲದಲ್ಲಿ ಎರಡು ರಾತ್ರಿ ಮಂದೆ ನಿಲ್ಲಿಸಿ ಹೊರಟರೆ ಅಲ್ಲಿ ಬಿದ್ದ ಮೊಟ್ಟೆ ಅವರ ಕುರಿಯ ಬಾಯಿಗೆ ಮತ್ತೆ ಬರುವುದಿಲ್ಲ. ಕಷ್ಟ ಇರುವುದು ಮಳೆಗಾಲದಲ್ಲಿ ಒಂದೇ ಹಟ್ಟಿಯ ಸುತ್ತ ಉಳಿಯುವ ತಿಂಗಳುಗಳಲ್ಲಿ. ಆಗ ಸರಿಯಾದ ಅಳತೆಯ ಔಷಧಿ, ಕಣ್ಣಿನ ಪರೀಕ್ಷೆ, ಕೆರೆಯಂಗಳದ ಜೌಗು ಹುಲ್ಲಿನಿಂದ ದೂರ, ಇಷ್ಟು ಸಾಕು.

ಅಟ್ಟಣಿಗೆ ಶೆಡ್ಡಿನಲ್ಲಿ ಮೇಕೆ ಕಟ್ಟಿ ಮೇಯಿಸುವವರು ಶಿಲೀಂಧ್ರಕ್ಕೆ ಒಂದು ರೂಪಾಯಿ ಖರ್ಚು ಮಾಡಬೇಡಿ. ಹಿಕ್ಕೆ ಸಂದಿಯಿಂದ ಕೆಳಗೆ ಬೀಳುತ್ತದೆ, ಮರಿಹುಳುವಿಗೆ ಹತ್ತಲು ಹುಲ್ಲೇ ಇಲ್ಲ. ಮೂರು ತಿಂಗಳಿಗೊಮ್ಮೆ ಎಂದು ಕ್ಯಾಲೆಂಡರ್ ನೋಡಿ ಔಷಧಿ ಕುಡಿಸುವುದೂ ದಂಡ, ಹಿಕ್ಕೆ ಪರೀಕ್ಷೆ ಮಾಡಿಸಿ ನೋಡಿ. ಅಲ್ಲಿ ಮರಿಗಳನ್ನು ಕಾಡುವುದು ಹೆಚ್ಚಾಗಿ ಕಾಕ್ಸಿಡಿಯಾ. ಅದು ಹುಳುವೇ ಅಲ್ಲ, ಜಂತಿನ ಔಷಧಿ ಅದಕ್ಕೆ ಕೆಲಸ ಮಾಡುವುದಿಲ್ಲ. ತಗ್ಗಿನ ಹೊಲದಿಂದ ಒದ್ದೆ ಹುಲ್ಲು ಕೊಯ್ದು ಹಾಕುವವರಾದರೆ ಬುಡಕ್ಕೆ ಕುಡುಗೋಲು ಹಾಕದೆ ನಾಲ್ಕು ಬೆರಳು ಮೇಲಕ್ಕೆ ಕೊಯ್ಯಿರಿ. ಮರಿಹುಳು ಹೆಚ್ಚು ಇರುವುದು ಬುಡದಲ್ಲಿ.

ಮನೆ ಮುಂದೆ ನಾಲ್ಕೈದು ಮೇಕೆ ಇರುವವರಿಗೆ ಸೊಪ್ಪು ಕಟ್ಟಿ ತೂಗುಹಾಕುವುದಕ್ಕಿಂತ ದೊಡ್ಡ ಜೈವಿಕ ವಿಧಾನ ಇಲ್ಲ. ಮೇಕೆ ತಲೆ ಎತ್ತಿ ತಿನ್ನುವ ಪ್ರಾಣಿ, ನೆಲದ ಹುಲ್ಲಿಗೆ ಬಿಟ್ಟಾಗಲೇ ಅದಕ್ಕೆ ಹುಳು.

ಗದ್ದೆ ಬಯಲಿನವರದ್ದು ಬೇರೆ ಕಥೆ. ಅಲ್ಲಿ ದನ, ಎಮ್ಮೆಗೆ ಕಾಡುವುದು ಬಸವನಹುಳುವಿನ ಮೂಲಕ ಬರುವ ಲಿವರ್ ಫ್ಲೂಕ್. ಡಡ್ಡಿಂಗ್ಟೋನಿಯಾದ ಬಲೆಗೆ ಅದು ಬೀಳುವುದಿಲ್ಲ, ಆಲ್ಬೆಂಡಜೋಲ್ ದೊಡ್ಡ ಅಳತೆಯಲ್ಲಿ ಬಲಿತ ಫ್ಲೂಕನ್ನು ಮಾತ್ರ ಮುಟ್ಟುತ್ತದೆ. ಆಕ್ಸಿಕ್ಲೋಜನೈಡ್ ಕೂಡ ಬಲಿತದ್ದಕ್ಕೇ. ಎಳೆಯದನ್ನೂ ಕೊಲ್ಲುವುದು ಟ್ರೈಕ್ಲಾಬೆಂಡಜೋಲ್. ಇದರ ಜೊತೆ ಕೂಡಿಸಲು ಬಾತುಕೋಳಿ ಇದೆ. ಅದು ಬಸವನಹುಳು ತಿನ್ನುತ್ತದೆ ಎಂಬುದು ಅರ್ಧ ಲಾಭ ಅಷ್ಟೇ. ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ನೋಡಿದ್ದು ಇನ್ನೂ ಸ್ವಾರಸ್ಯ: ಬಾತಿನ ಹಿಕ್ಕೆಯಲ್ಲಿ ಬರುವ ಎಕಿನೊಸ್ಟೋಮಾ ಎಂಬ ಬೇರೆ ಹುಳುವಿನ ಮರಿ ಅದೇ ಬಸವನಹುಳುವಿನೊಳಗೆ ಹೊಕ್ಕು, ಅಲ್ಲಿರುವ ಫ್ಲೂಕಿನ ಮರಿಯನ್ನು ತಿಂದುಹಾಕುತ್ತದೆ. ಅದಕ್ಕಾಗಿ ಅವರು ಬಾತಿನ ಗೂಡನ್ನು ಕೊಟ್ಟಿಗೆಗೆ ತಾಗಿಸಿ ಕಟ್ಟಿ, ಎರಡರ ಸಗಣಿಯೂ ಒಂದೇ ಕಾಲುವೆಯಲ್ಲಿ ಗದ್ದೆಗೆ ಇಳಿಯುವಂತೆ ಮಾಡಿದರು. ಕಾಲುವೆ ನೀರು ಗದ್ದೆಗೆ ಇಳಿಯುವ ಜಾಗದ ಹುಲ್ಲನ್ನು ಹಸಿಯಾಗಿ ದನಕ್ಕೆ ಹಾಕಬೇಡಿ. ಕೊಯ್ದ ಭತ್ತದ ಹುಲ್ಲಾದರೆ ಮೇಲಿನ ಅರ್ಧ ಮೊದಲು ತಿನ್ನಿಸಿ. ನೀರಲ್ಲಿ ನಿಂತಿದ್ದ ಬುಡದ ಭಾಗ ಚೆನ್ನಾಗಿ ಒಣಗುವ ತನಕ ಬಣವೆಯಲ್ಲೇ ಇರಲಿ.